ಕಿಟಕಿ ಕಡೆ, ಬಾಗಿಲ ಕಡೆ

ಅತ್ತಿಗೆ ಫೋನಿನಲ್ಲಿ ಕೇಳುತ್ತಿದ್ದ ಪ್ರಶ್ನೆಗಳು ಪಕ್ಕದ ಕೋಣೆಯವರ ಕಿವಿಗೆ ಬಿದ್ದಿದ್ದರೆ, ಇವಳು ಆ ದೋಣಿಗೊಂದು ಕೋಟು ಹೊಲಿಯಲು ಹೊರಟಿದ್ದಾಳೆ ಎಂದೇ ತಿಳಿಯುತ್ತಿದ್ದರು.

“ಉದ್ದ ಹದಿನಾಲ್ಕಡಿ, ಬರ್ಕೊಂಡೆ. ನಡು ಎಷ್ಟು? ಅಯ್ಯೋ, ನಿಮ್ಮ ನಡು ಅಲ್ಲಪ್ಪಾ, ದೋಣೀದು! ಅಂದಾಜು ಬೇಡ. ಟೇಪ್ ಹಿಡಿದು ಅಳೆದು ಬನ್ನಿ, ನಾನು ಲೈನಲ್ಲೇ ಇರ್ತೀನಿ.”

ಆ ಕಡೆ ಇದ್ದವನು ಸರೋವರದ ದಂಡೆಯ ಕಾಟೇಜಿನ ಯಜಮಾನ. ರಜೆಗೆಂದು ಮೂರು ದಿನ ಮನೆ ಹಿಡಿಯುವವರು ಹಾಸಿಗೆ ಎಷ್ಟು, ಬಿಸಿನೀರು ಬರುತ್ತದೆಯೇ ಎಂದು ವಿಚಾರಿಸುವುದುಂಟು. ಇವಳು ದೋಣಿಯ ಹಲಗೆ ಹಲಗೆಗಳ ನಡುವಿನ ಅಂತರ ಕೇಳಿದಳು. ದೋಣಿ ಕಟ್ಟಿಹಾಕುವ ಮರದ ಕಟ್ಟೆ ನೀರಿನಿಂದ ಎಷ್ಟು ಎತ್ತರ ಎಂದು ಕೇಳಿದಳು. ಅರ್ಧ ಗಂಟೆ ಆ ಮನುಷ್ಯನನ್ನು ಮನೆಗೂ ದಂಡೆಗೂ ಓಡಾಡಿಸಿ, ಕೊನೆಗೆ “ನಿಮಗೆ ತುಂಬಾ ತೊಂದ್ರೆ ಕೊಟ್ಟೆ” ಎಂದು ಅಷ್ಟೇ ಸಿಹಿಯಾಗಿ ಹೇಳಿ ಫೋನು ಇಟ್ಟಳು.

ಅತ್ತಿಗೆ ಟೈಲರ್. ಹೊಸ ಬಟ್ಟೆಗೆ ಕತ್ತರಿ ಹಾಕುವ ಮೊದಲು ಹಳೆಯ ಪೇಪರನ್ನು ಅದೇ ಅಳತೆಗೆ ಕತ್ತರಿಸಿ, ತೊಡುವವರ ಮೈಮೇಲೆ ಹಿಡಿದು ನೋಡುತ್ತಾಳೆ. ಅವಳು ಈ ಮನೆಗೆ ಸೊಸೆಯಾಗಿ ಬಂದು ಹನ್ನೆರಡು ವರ್ಷ. ಒಂದು ಗೇಣು ಬಟ್ಟೆ ಕೆಡಿಸಿದ್ದನ್ನು ಅವಳ ನಾದಿನಿಯಾದ ನಾನು ನೋಡಿಲ್ಲ.

ಈ ಸಲದ ಅಳತೆ ಅಪ್ಪನಿಗಾಗಿ.

ಅಪ್ಪ ಮೂವತ್ತೈದು ವರ್ಷ ಬಸ್ಸು ಓಡಿಸಿದವರು. ರಜೆ ಸಿಕ್ಕರೆ ದೋಣಿಯಲ್ಲಿ ಕೂತು ಗಾಳ ಹಾಕಿದವರು. ಬೇರೆ ಚಟ ಇರಲಿಲ್ಲ. ಹೋದ ವರ್ಷ ಲಕ್ವ ಹೊಡೆದು ಬಲಗೈ, ಬಲಗಾಲು ಸೋತವು. ಮಾತು ಉಳಿಯಿತು, ಆದರೆ ಒಂದೊಂದೇ ಪದವಾಗಿ. ಅವರು ಕೋಣೆಯಿಂದ ಹಾಲಿಗೆ ಬರುವ ಸದ್ದು ನನಗೆ ಅಡಿಗೆಮನೆಯಲ್ಲಿ ಕೇಳಿಸುತ್ತಿತ್ತು: ಒಂದು ಹೆಜ್ಜೆ, ಒಂದು ಉಜ್ಜು, ಒಂದು ಹೆಜ್ಜೆ, ಒಂದು ಉಜ್ಜು. ಚಿಕ್ಕಂದಿನಿಂದ ಪದ್ಯ ಕೇಳಿಸಿಕೊಂಡು ಬೆಳೆದ ಕಿವಿಗೆ ಅದು ಮಾತ್ರೆ ತಪ್ಪಿದ ಸಾಲಿನಂತೆ ಚುಚ್ಚುತ್ತಿತ್ತು. ಆ ಸದ್ದು ಕಿಟಕಿಯ ಪಕ್ಕದ ಕುರ್ಚಿಯವರೆಗೆ ಬಂದು ನಿಂತರೆ ಸಂಜೆಯವರೆಗೂ ಮತ್ತೆ ಕೇಳುತ್ತಿರಲಿಲ್ಲ.

ಒಮ್ಮೆ ನೆಂಟರ ಮದುವೆಗೆ ನಾಲ್ಕು ಜನ ಅವರನ್ನು ಹೊತ್ತು ಕಾರಿಗೆ ಹಾಕಿ, ಹೊತ್ತು ಇಳಿಸಿ, ಒಂದು ಮೂಲೆಯಲ್ಲಿ ಕೂರಿಸಿದ್ದೆವು. ಮನೆಗೆ ಬಂದಮೇಲೆ “ನಾನು... ಲಗೇಜ್ ಅಲ್ಲ” ಅಂದರು. ಅಂದಿನಿಂದ ಎಂಟು ತಿಂಗಳು ಗೇಟು ದಾಟಲಿಲ್ಲ. ಸರೋವರದ ಮಾತೆತ್ತಿದಾಗಲೂ ಬಂದ ಉತ್ತರ ಇಷ್ಟೇ: “ನೀವು ಹೋಗಿ.”

“ಇದಕ್ಕೂ ಬರಲ್ಲ ಅಂದ್ರೆ ಮಾವ ಇನ್ಯಾವತ್ತೂ ಹೊರಗೆ ಬರಲ್ಲ,” ಎಂದಳು ಅತ್ತಿಗೆ ನನ್ನ ಹತ್ತಿರ, ತಗ್ಗಿದ ದನಿಯಲ್ಲಿ. “ಅವರು ದೋಣೀಲಿ ಕೂತು, ಅವರ ಕೈಯಾರೆ ಒಂದು ಮೀನು ಎಳೀಬೇಕು. ಹೊತ್ಕೊಂಡು ಹೋಗೋದಾದ್ರೆ ನನಗೂ ಬೇಡ ಈ ರಜೆ.”

ಮರುದಿನ ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಸೋಫಾ, ಟೀಪಾಯಿ ಎಲ್ಲ ಗೋಡೆಗೆ ಒತ್ತಿ ನಿಂತಿದ್ದವು. ಅತ್ತಿಗೆ ಮೊಣಕಾಲೂರಿ, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಿಂದ ಹಾಲಿನ ನೆಲದ ಮೇಲೆ ದೋಣಿ ಬರೆಯುತ್ತಿದ್ದಳು. ಹದಿನಾಲ್ಕು ಅಡಿ, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೂರು ಹಲಗೆಯ ಜಾಗದಲ್ಲಿ ಮೂರು ಮಣೆ. ಕಟ್ಟೆಯ ಬದಲು ಬಾಗಿಲ ಕಡೆಯ ದಿವಾನ.

“ಗೆರೆಯಿಂದ ಆಚೆ ನೀರು,” ಎಂದು ಘೋಷಿಸಿದಳು. “ಇವತ್ತಿಂದ ಹದಿನೈದು ದಿನ ಪ್ರಾಕ್ಟೀಸು. ಯಾರು ಎಲ್ಲಿ ಕೂರಬೇಕು, ಯಾರು ಯಾವಾಗ ಏಳಬೇಕು, ಗಾಳ ಬೀಸೋವಾಗ ಯಾರ ಕಿವಿ ಎಲ್ಲಿರಬೇಕು, ಎಲ್ಲಾ ಇಲ್ಲೇ ತೀರ್ಮಾನ ಆಗ್ಬೇಕು.”

ಲೈಫ್ ಜಾಕೆಟ್ ಅಭ್ಯಾಸಕ್ಕೆಂದು ಎದೆಗೊಂದು ಬೆನ್ನಿಗೊಂದು ಸ್ಕೂಲ್ ಬ್ಯಾಗು ಕಟ್ಟಿಕೊಂಡೆವು. ಅಣ್ಣನನ್ನು ನಡುವಿನ ಮಣೆಗೆ ಕೂರಿಸಿ ಕೈಗೆ ಎರಡು ಪೊರಕೆ ಕೊಟ್ಟಳು. ಅವನು ಲಿಫ್ಟು ರಿಪೇರಿ ಮಾಡುವವನು.

“ನನಗೆ ಹುಟ್ಟು ಹಾಕೋಕೆ ಬರಲ್ಲ ಕಣೇ.”

“ನಿಮಗೆ ಮೇಲೆ ಹೋಗೋದು ಗೊತ್ತು, ಕೆಳಗೆ ಬರೋದು ಗೊತ್ತು. ಮುಂದೆ ಹೋಗೋದು ಈಗ ಕಲೀರಿ.”

ಅವರ ಒಂಬತ್ತು ವರ್ಷದ ಮಗಳಿಗೆ ಅಪ್ಪ ಇಟ್ಟ ಅಡ್ಡಹೆಸರು ಹಾರನ್. ಕಾರಣ ಹೇಳಬೇಕಾಗಿಲ್ಲ. ಗೆರೆಯ ಆಚೆ ಕಾಲಿಟ್ಟವರನ್ನು ಹಿಡಿಯುವುದು ಅವಳ ಕೆಲಸ. ಪಕ್ಕದ ಮನೆಯ ಮೇಷ್ಟ್ರು ಪೇಪರು ಹಿಂದಿರುಗಿಸಲು ಒಳಗೆ ಬಂದು ಮೂರು ಹೆಜ್ಜೆ ಇಟ್ಟಿದ್ದರಷ್ಟೆ.

“ಮೇಷ್ಟ್ರು ಮುಳುಗಿದ್ರೂ!”

ಮೇಷ್ಟ್ರು ಬೆಚ್ಚಿ ನಿಂತರು. ನೆಲ ನೋಡಿದರು, ಪೊರಕೆ ಹಿಡಿದ ಅಣ್ಣನನ್ನು ನೋಡಿದರು. ಏನೂ ಕೇಳದೆ ಪ್ಯಾಂಟನ್ನು ಎರಡು ಕೈಯಲ್ಲೂ ಮೇಲೆತ್ತಿಕೊಂಡು, ನೀರಿನಲ್ಲಿ ನಡೆಯುವವರ ಹಾಗೆ ಕಾಲೆತ್ತಿ ಇಡುತ್ತ ಬಾಗಿಲವರೆಗೆ ಹೋಗಿ, “ತುಂಬಾ ಆಳ ಇದೆ” ಎಂದು ಹೇಳಿ ಹೊರಟರು.

ಕಿಟಕಿಯ ಕಡೆಯಿಂದ ಸಣ್ಣ ಸದ್ದೊಂದು ಬಂತು. ಅಪ್ಪ ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಅತ್ತಿಗೆ ಆ ಕಡೆ ತಿರುಗಿ ನೋಡಲಿಲ್ಲ. ಅಪ್ಪನನ್ನು ಬನ್ನಿ ಎಂದು ಅವಳು ಕರೆಯಲೇ ಇಲ್ಲ. ಅವರ ಮಣೆಯನ್ನು ಮಾತ್ರ ದೋಣಿಯ ತುದಿಯಲ್ಲಿ, ಎಲ್ಲರಿಗಿಂತ ಮುಂದೆ ಇಟ್ಟು ಖಾಲಿ ಬಿಟ್ಟಿದ್ದಳು.

ಮೂರನೆಯ ದಿನವೂ ಅಣ್ಣ ಮುಂದಕ್ಕೆ ಮುಖಮಾಡಿ ಕೂತು ಪೊರಕೆ ಬೀಸುತ್ತಿದ್ದ. ಆಗ ಆ ಸದ್ದು ಕೇಳಿಸಿತು. ಒಂದು ಹೆಜ್ಜೆ, ಒಂದು ಉಜ್ಜು. ಅಪ್ಪ ಕುರ್ಚಿ ಬಿಟ್ಟು ಗೆರೆಯ ಹತ್ತಿರ ಬಂದು ನಿಂತಿದ್ದರು.

“ತಪ್ಪು,” ಅಂದರು.

“ಏನು ತಪ್ಪು ಮಾವ?” ಅತ್ತಿಗೆಯ ಕೈಯಲ್ಲಿ ಸೀಮೆಸುಣ್ಣ ಹಾಗೇ ನಿಂತಿತು.

“ಅವನು... ಉಲ್ಟಾ ಕೂತಿದಾನೆ.”

“ಮುಂದೆ ನೋಡ್ಕೊಂಡು ತಾನೇ ಓಡಿಸ್ಬೇಕು?”

“ಅದು ಬಸ್ಸು.” ಅಪ್ಪ ಉಸಿರು ತೆಗೆದುಕೊಂಡರು. “ಹುಟ್ಟು ಎಳೆಯೋನ ಬೆನ್ನು... ಮುಂದಕ್ಕೆ. ಮುಖ ಹಿಂದಕ್ಕೆ.”

ಅಣ್ಣ ಪೊರಕೆ ಇಳಿಸಿದ. “ಹಾಗಾದ್ರೆ ದಾರಿ ನೋಡೋರ್ಯಾರಪ್ಪಾ?”

“ಹಿಂದಿನ ಹಲಗೇಲಿ... ಕೂತೋನು. ಅವನು ಹೇಳ್ಬೇಕು. ಇವನು ಎಳೀಬೇಕು.”

ದೋಣಿ ಹತ್ತದವರು ನಾವೆಲ್ಲ. ಬಸ್ಸಿನಲ್ಲಿ ಡ್ರೈವರ್ ಕೂರುವ ಹಾಗೆ ದೋಣಿಯಲ್ಲೂ ಕೂರುತ್ತಾರೆ ಎಂದುಕೊಂಡು, ಬಸ್ ಡ್ರೈವರನ ಮನೆಯಲ್ಲೇ ದೋಣಿಯನ್ನು ಉಲ್ಟಾ ಹೊಲಿದಿದ್ದೆವು. ಹನ್ನೆರಡು ವರ್ಷದಲ್ಲಿ ಅತ್ತಿಗೆ ತಪ್ಪಿದ ಮೊದಲ ಅಳತೆ ಅದು. ಅವಳ ಮುಖ ಸಣ್ಣದಾಗುತ್ತದೆ ಅಂದುಕೊಂಡೆ. ಅವಳು ಗಟ್ಟಿಯಾಗಿ ನಕ್ಕು, ಒದ್ದೆ ಬಟ್ಟೆ ತಂದು ಅಪ್ಪನ ಮಣೆಯ ಗುರುತನ್ನು ಒರೆಸಿದಳು. ಮಣೆಯನ್ನು ದೋಣಿಯ ಇನ್ನೊಂದು ತುದಿಗೆ ಒಯ್ದು ಇಟ್ಟಳು.

“ಹಾಗಾದ್ರೆ ಡ್ರೈವರ್ ಸೀಟು ಇದು. ಇಲ್ಲಿ ಯಾರು ಕೂರ್ತೀರಿ? ನನಗಂತೂ ಲೈಸೆನ್ಸ್ ಇಲ್ಲ.”

ಅಪ್ಪ ತುಂಬ ಹೊತ್ತು ಆ ಮಣೆಯನ್ನೇ ನೋಡಿದರು. ಆಮೇಲೆ ಗೆರೆ ತುಳಿಯದೆ, ದಿವಾನದ ಅಂಚಿಗೆ ಕೂತು, ಎಡಗಾಲು ಮೊದಲು ಒಳಗಿಟ್ಟು, ಜರುಗಿ ಮಣೆಗೆ ಬಂದರು. ಅಣ್ಣ ಹಿಡಿದುಕೊಳ್ಳಲು ಎದ್ದ. ಅತ್ತಿಗೆ ಅವನ ಅಂಗಿ ಜಗ್ಗಿ ಕೂರಿಸಿದಳು. ನಾನು ಮನಸ್ಸಿನಲ್ಲೇ ಕೈಮುಗಿದೆ. ದೇವರಿಗೆ ಮುಗಿದೆನೋ ಅವಳಿಗೋ, ಇವತ್ತಿಗೂ ಬಿಡಿಸಿ ಹೇಳಲಾರೆ.

ಅಂದಿನಿಂದ ಹಾಲಿನಲ್ಲಿ ಹುಕುಮು ಅಪ್ಪನದು. ಒಂದೇ ತಾಪತ್ರಯ. ಅಪ್ಪ ಎಡಕ್ಕೆ ಅಂದರೆ ಎದುರಾಗಿ ಕೂತ ಅಣ್ಣ ತನ್ನ ಎಡ ಹಿಡಿಯುತ್ತಿದ್ದ, ದೋಣಿ ಅಡಿಗೆಮನೆಗೆ ನುಗ್ಗುತ್ತಿತ್ತು. ಎರಡು ದಿನ ಅಪ್ಪನ ಮುಖ ಕೆಂಪೇರಿತು. ಹಾರನ್ ತೀರ್ಪು ಕೊಟ್ಟಳು: “ತಾತಾ, ಎಡ ಬಲ ಬಿಟ್ಬಿಡಿ. ಕಿಟಕಿ ಕಡೆ, ಬಾಗಿಲ ಕಡೆ ಅನ್ನಿ. ಅವು ಎಲ್ಲೂ ಹೋಗಲ್ಲ.”

ಅಪ್ಪ ತಲೆದೂಗಿದರು. ದೋಣಿಯ ಒಂದು ಮಗ್ಗುಲ ಹೆಸರು ಕಿಟಕಿ, ಇನ್ನೊಂದರ ಹೆಸರು ಬಾಗಿಲು ಎಂದಾಯಿತು. “ಕಿಟಕಿ ಕಡೆ... ಹೋಗೋಕೆ,” ಎಂದು ಮಗನಿಗೆ ಕಲಿಸಿದರು, “ಬಾಗಿಲ ಕಡೆ ಹುಟ್ಟು... ಜೋರಾಗಿ ಎಳಿ.” ಒಂದು ವಾರದಲ್ಲಿ ಅಣ್ಣ ನಿದ್ದೆಗಣ್ಣಲ್ಲೂ ಪೊರಕೆ ಎಳೆಯುವ ಹಾಗಾದ.

ಅತ್ತಿಗೆ ಅಷ್ಟರಲ್ಲಿ ಕ್ಯಾನ್ವಾಸಿನ ಪಟ್ಟಿಗೆ ಒಂದು ಗಟ್ಟಿ ಜೇಬು ಹೊಲಿದಿದ್ದಳು. ಅಪ್ಪ ಅದನ್ನು ಸೊಂಟಕ್ಕೆ ಬಿಗಿದು, ಗಾಳದ ಕೋಲಿನ ಬುಡವನ್ನು ಜೇಬಿಗೆ ಇಳಿಸಿದರೆ ಕೋಲು ತಾನೇ ನಿಲ್ಲುತ್ತಿತ್ತು. ಬಲಗೈ ಕೋಲಿನ ಮೇಲೆ ಸುಮ್ಮನೆ ಒರಗಿದ್ದರೂ ಸಾಕು. ರೀಲಿನ ಹಿಡಿಯನ್ನು ಬಿಚ್ಚಿ ಎಡಗಡೆಗೆ ಹಾಕಿದ್ದು ಅಣ್ಣ. ನಾಲ್ಕು ಸಲ ಜೇಬು ಬಿಚ್ಚಿ ಹೊಲಿದಳು. “ಇನ್ನೂ ಅರ್ಧ ಅಂಗುಲ ಕೆಳಗೆ” ಎಂದು ಅಪ್ಪ ಹೇಳುವುದು, ಇವಳು “ಆಯ್ತು ಮಾವ” ಎಂದು ಹೊಲಿಗೆ ಕೀಳುವುದು. ತೊಡೆಯ ಮೇಲಿನ ಕತ್ತರಿಗೂ ಅವಳಿಗೂ ಬೇಸರವೆಂಬುದಿರಲಿಲ್ಲ. ಒಂದು ಸಲ ಮಾತ್ರ ಆ ಕತ್ತರಿಯ ಸದ್ದು ನಡುವೆ ನಿಂತದ್ದು ಕೇಳಿದೆ. ಹಾರನ್ ಕೇಳಿದ್ದಳು:

“ಅಮ್ಮಾ, ನಿಂಗೆ ಈಜು ಬರುತ್ತಾ?”

“ನಿನ್ನ ಹೋಮ್‌ವರ್ಕ್ ಆಯ್ತಾ?” ಎಂದಳು ಅತ್ತಿಗೆ. ಕತ್ತರಿ ಮತ್ತೆ ನಡೆಯಿತು, ಆದರೆ ಸ್ವಲ್ಪ ಅವಸರದಲ್ಲಿ.

ಹದಿನಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ನಾವು ಸರೋವರದ ಕಟ್ಟೆಯ ಮೇಲಿದ್ದೆವು. ನೀರು ಬೆಳ್ಳಗೆ ಹೊಳೆಯುತ್ತಿತ್ತು. ಅಪ್ಪ ತಾವೇ ಗೇಟು ದಾಟಿ, ತಾವೇ ಕಾರು ಹತ್ತಿ ಬಂದಿದ್ದರು. ಕಾಟೇಜಿನ ಯಜಮಾನ ಲೈಫ್ ಜಾಕೆಟ್ ಕೊಟ್ಟು, “ಫೋನಲ್ಲಿ ನನ್ನ ನಡು ಅಳೆದೋರು ಯಾರಮ್ಮಾ?” ಎಂದು ಹಲ್ಲು ಬಿಟ್ಟ. ಅಪ್ಪ ನಗಲಿಲ್ಲ. ಕಟ್ಟಿಹಾಕಿದ ದೋಣಿಯನ್ನೇ ನೋಡುತ್ತಿದ್ದರು.

“ತಿರುಗಿಸಿ,” ಅಂದರು.

“ಯಾವ ಕಡೆ ಇದ್ರೇನು ಸಾರ್?”

“ನಮ್ಮ ಬಾಗಿಲು... ಈ ಕಡೆ.”

ಯಜಮಾನ ದೋಣಿಯಲ್ಲಿ ಬಾಗಿಲು ಹುಡುಕಿದ. ಸಿಗದೆ, ಹಿರಿಯರ ಮಾತೆಂದು ಹಗ್ಗ ಬಿಚ್ಚಿ ದೋಣಿಯನ್ನು ತಿರುಗಿಸಿ ಕಟ್ಟಿದ. ಅಪ್ಪ ಕಟ್ಟೆಯ ಅಂಚಿಗೆ ಕೂತರು. ಎಡಗಾಲು. ಜರುಗು. ದೋಣಿ ತೂಗಾಡಿತು. ಹಾಲಿನ ನೆಲ ಕಲಿಸದ ಪಾಠ ಅದೊಂದೇ. ನಾನು ಹಾರನ್‌ಳ ಭುಜ ಹಿಡಿದುಕೊಂಡೆ. ಅಪ್ಪನ ಮೈ ಮಾತ್ರ ನೀರಿನ ಜೊತೆ ತಾನೂ ಒಂದಿಷ್ಟು ತೂಗಿ, ಹಿಂದಿನ ಹಲಗೆಯ ಮೇಲೆ ನೆಟ್ಟಗೆ ಕೂತಿತು. ಮರೆತಿರಲಿಲ್ಲ ಅದು. ಅಣ್ಣ ಹತ್ತಿ ನಡುವಿನ ಹಲಗೆಯಲ್ಲಿ ಅವರ ಎದುರು ಕೂತ. ಹಾರನ್, ನಾನು ಮುಂದಿನ ಹಲಗೆಗೆ ಹೋದೆವು. ಇನ್ನು ಅತ್ತಿಗೆ, ಅಪ್ಪನ ಪಕ್ಕಕ್ಕೆ.

ಅತ್ತಿಗೆ ಬರಲಿಲ್ಲ. ಕಟ್ಟೆಯ ಕಂಬ ಹಿಡಿದು ನಿಂತಿದ್ದಳು. ತುಟಿ ಬೆಳ್ಳಗಾಗಿತ್ತು.

“ನೀವು ಹೋಗ್ಬನ್ನಿ,” ಅಂದಳು. “ನಾನು ಇಲ್ಲೇ... ಬುತ್ತಿ ಬಿಚ್ಚಿಟ್ಟಿರ್ತೀನಿ.”

“ಏನೇ ಇದು, ಹದಿನೈದು ದಿನ ನಮ್ಮ ಜೀವ ತಿಂದು!” ಎಂದ ಅಣ್ಣ.

“ನನಗೆ ಚಿಕ್ಕಂದಿನಿಂದ ನೀರು ಕಂಡ್ರೆ ಆಗಲ್ಲ ರೀ. ಸಾಲಲ್ಲಿ ನಿಂತು ನಲ್ಲಿ ನೀರು ಹಿಡಿದೋಳು ನಾನು. ಇಷ್ಟು ನೀರು ಒಟ್ಟಿಗೆ ನೋಡೇ ಇಲ್ಲ.”

ಹಾಲಿನ ನೆಲದ ಮೇಲೆ ಇಂಚಿಂಚೂ ಅಳೆದವಳು ತನ್ನ ಹೆದರಿಕೆಯನ್ನು ಯಾವ ಜೇಬಿನಲ್ಲಿಟ್ಟು ಹೊಲಿದುಬಿಟ್ಟಿದ್ದಳೋ. ಅಣ್ಣ ಏಳಲು ಹೋದ. ಅಪ್ಪ ಅವನಿಗೆ ಕಣ್ಣಲ್ಲೇ ಕೂರು ಅಂದರು. ಆಮೇಲೆ ತಮ್ಮ ಎಡಗೈಯನ್ನು ಕಟ್ಟೆಯ ಕಡೆಗೆ ಚಾಚಿದರು. ಸ್ಟಿಯರಿಂಗು ಹಿಡಿದು ಹಿಡಿದು ಅಗಲವಾದ ಕೈ.

“ನೀರು ನೋಡ್ಬೇಡ ಮಗಳೇ,” ಅಂದರು. ಮಾತು ಎಲ್ಲೂ ಕಡಿಯಲಿಲ್ಲ. “ಗೆರೆ ನೋಡು. ನೀನೇ ಬರೆದಿದ್ದು. ದಿವಾನದ ಮೇಲೆ ಕೂತ್ಕೋ. ಎಡಗಾಲು ಮೊದಲು.”

ಅವಳು ಕೂತಳು. ಕಣ್ಣು ಅಪ್ಪನ ಅಂಗೈ ಮೇಲೆ. ಎಡಗಾಲು ಒಳಗೆ ಬಂತು, ದೋಣಿ ಬಾಗಿತು, ಅವಳು ಗಕ್ಕನೆ ಆ ಕೈ ಹಿಡಿದು ಹಲಗೆಗೆ ಜರುಗಿದಳು. ಹಾರನ್ ಬಾಯಿ ತೆರೆದಳು, ನಾನು ಮುಚ್ಚಿದೆ. ಅಪ್ಪ ಅವಳ ಕೈ ಬಿಡದೆ ಅಣ್ಣನಿಗೆ ಅಂದರು:

“ನಡಿ. ಕಿಟಕಿ ಕಡೆ.”

ದಂಡೆಯಲ್ಲಿ ನಿಂತ ಯಜಮಾನ ಈ ಸಲ ಕಿಟಕಿ ಹುಡುಕುತ್ತಿದ್ದ. ದೋಣಿ ಮಾತ್ರ ತಪ್ಪದೆ ತಿರುಗಿತು. ಹುಟ್ಟು ಮುಳುಗಿ ಏಳುವ ಸದ್ದು ಸರಿಯಾದ ಅಂತರದಲ್ಲಿ ಬೀಳತೊಡಗಿತು. ಈ ವರ್ಷವಿಡೀ ನನ್ನ ಕಿವಿ ಕಾದದ್ದು ಅದಕ್ಕೇ ಇರಬೇಕು.

ಜೊಂಡಿನ ಹತ್ತಿರ ನಿಲ್ಲಿಸಿದೆವು. ಅಪ್ಪ ಕೋಲಿನ ಬುಡವನ್ನು ಜೇಬಿಗೆ ಇಳಿಸಿ ಗಾಳ ಬಿಟ್ಟರು. ಎಷ್ಟೋ ಹೊತ್ತು ಏನೂ ಇಲ್ಲ. ಎರೆಹುಳು ಎರಡು ಸಲ ಮಾಯವಾಯಿತು. ಮೂರನೆಯ ಸಲ ಕೋಲಿನ ತುದಿ ತಟ್ಟನೆ ಬಾಗಿತು. ರೀಲು ಕಿರುಗುಟ್ಟಿತು. ಅಪ್ಪನ ಬಲಗೈ ಕೋಲಿನಿಂದ ಜಾರಿ ತೊಡೆಗೆ ಬಿತ್ತು. ನಾವೆಲ್ಲ ಒಟ್ಟಿಗೆ ಮುಂದೆ ಬಾಗಿದೆವು.

“ಯಾರೂ ಕೈ ಹಾಕ್ಬೇಡಿ,” ಎಂದಳು ಅತ್ತಿಗೆ. ಅಷ್ಟು ಹೇಳಿ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಳು.

ಜೇಬು ಕೋಲನ್ನು ಹಿಡಿದು ನಿಂತಿತ್ತು. ಅಪ್ಪ ಎಡಗೈಯಲ್ಲಿ ಸುತ್ತಿದರು, ಬಿಟ್ಟರು, ಮತ್ತೆ ಸುತ್ತಿದರು. ಹಣೆಯ ಬೆವರು ಕಣ್ಣಿಗಿಳಿದರೂ ಒರೆಸಲಿಲ್ಲ. ಕೊನೆಗೆ ಹಾರನ್ ಹಿಡಿದ ಬಲೆಯೊಳಗೆ ಒಂದು ಮೀನು ಬಂದು ಬಿತ್ತು. ಗೇಣಿಗಿಂತ ಸ್ವಲ್ಪ ಉದ್ದ, ಅಷ್ಟೇ. ಅತ್ತಿಗೆ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಟೇಪು ತೆಗೆದು ಅಳೆದಳು.

“ಒಂಬತ್ತೂವರೆ ಅಂಗುಲ,” ಎಂದಳು.

ಅಪ್ಪ ಮೀನನ್ನು ನೋಡಿದರು, ಅವಳನ್ನು ನೋಡಿದರು. ಎಡಗೈಯಿಂದಲೇ ಗಾಳ ಬಿಡಿಸಿ ಅದನ್ನು ನೀರಿಗೆ ಬಿಟ್ಟರು.

“ಈಗ ಮನೆಗಾ ಅಪ್ಪಾ?” ಎಂದ ಅಣ್ಣ.

ಅಪ್ಪ ಇನ್ನೊಂದು ಹುಳು ಕೇಳಿ ಕೈ ಚಾಚಿದರು. ಅತ್ತಿಗೆ ಮುಖ ಕಿವುಚುತ್ತಲೇ ಡಬ್ಬಿ ತೆರೆದಳು.

“ಇನ್ನೂ ಒಳಗೆ,” ಅಂದರು ಅಪ್ಪ. “ಬಾಗಿಲ ಕಡೆ.”