ಹಿಂದುಗಡೆಗೆ ಹೋಗೋ ಮುಂಚೆ ಒಂದು ಮಾತು ಹೇಳಿ ಹೋಗು

ನಾನು ಮೀನಿನ ಬೋಟಿನಲ್ಲಿ ಅಡುಗೆ ಮಾಡೋನು. ಇಪ್ಪತ್ತೆರಡು ವರ್ಷದಿಂದ ಅಲ್ಲಾಡೋ ಒಲೆ ಮುಂದೆ ನಿಂತಿದೀನಿ. ಶಾಲೆಗೆ ಹೋಗಿದ್ದು ಎರಡೂವರೆ ವರ್ಷ, ಅದರಲ್ಲಿ ಆ ಅರ್ಧ ವರ್ಷ ಮೇಷ್ಟ್ರೇ ರಜೆ. ಅದಕ್ಕೇ ನಾನು ಹೇಳ್ತಾ ಹೋಗ್ತೀನಿ, ಬಂದರಿನ ಆಸ್ಪತ್ರೆ ನರ್ಸಕ್ಕ ಬರ್ಕೊಳ್ತಾ ಹೋಗ್ತಾರೆ. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಮ್ಮ ಓಣೀಲಿ ಮನೆಗೊಬ್ಬ ಸಮುದ್ರದ ಮೇಲೇ ಇರ್ತಾನೆ. ನಾವು ವಾಪಸ್ ಬಂದ್ವಿ ಅಂದ್ರೆ ಮಕ್ಕಳು ಮುತ್ಕೊಂಡು ಬಿಡ್ತವೆ. "ಮಾಮಾ, ಈ ಸಲ ಏನು ನೋಡಿದೆ?" ನಾನು ಶುರು ಮಾಡ್ತಿದ್ದೆ. ಒಂದು ಮೀನು ಸೀನಿತು ನೋಡ್ರೋ, ಆ ಗಾಳಿಗೆ ಬೋಟು ಡೀಸೆಲ್ಲೇ ಇಲ್ದೆ ಮನೆಗೆ ಬಂತು. ಒಂದು ಏಡಿ ನನ್ನ ಸೌಟು ಕೇಳಿ ತಗೊಂಡು ಹೋಗಿ, ಮುಂದಿನ ಸಲ ತೊಳೆದು ತಂದು ಕೊಡ್ತು. ಮಕ್ಕಳು ನಗ್ತಿದ್ವು, ಬಾಗಿಲಲ್ಲಿ ನಿಂತ ಹೆಂಗಸರೂ ನಗ್ತಿದ್ರು. ಒಂದು ಸಲ ನಕ್ಕ ಮೇಲೆ ಇನ್ನೊಂದು ಪ್ರಶ್ನೆ ಯಾರೂ ಕೇಳಲ್ಲ. ನಮಗೆ ಅದೇ ಬೇಕಾಗಿತ್ತು.

ಯಾಕಂದ್ರೆ ನಿಜ ಹೇಳಿದ್ರೆ ಯಾರೂ ನಗಲ್ಲ. ಎಂಟು ಜನ, ಹನ್ನೆರಡು ದಿನ, ಒಂದು ಬೋಟು. ಮಲಗೋಕೆ ನಾಲ್ಕೇ ನಾಲ್ಕು ಹಲಗೆ. ಒಬ್ಬ ಎದ್ರೆ ಇನ್ನೊಬ್ಬ ಮಲಗಬೇಕು, ಅವನ ಬೆವರಿನ ಬಿಸಿ ಇನ್ನೂ ಆರಿರಲ್ಲ. ಕಿವಿ ಕೆಳಗೇ ಇಂಜಿನ್. ಮನೇಲಿ ಮಲಗಿದ್ರೆ ಸದ್ದಿಲ್ಲ ಅಂತ ಎಚ್ಚರ ಆಗುತ್ತೆ, ಅಷ್ಟು ಅಭ್ಯಾಸ. ಮೂರು ನಾಲ್ಕು ಗಂಟೆಗೊಂದು ಸಲ ಬಲೆ ಎಳೀಬೇಕು, ಹಂಗಾಗಿ ನಿದ್ದೆ ಅನ್ನೋದು ಚೂರು ಚೂರು. ಮೈ ತೊಳಿಯೋಕೆ ದಿನಕ್ಕೊಂದು ಚೊಂಬು ಸಿಹಿನೀರು. ಉಪ್ಪು ನೀರಿಗೆ ಮಣಿಕಟ್ಟಿನ ಸುತ್ತ ಹುಣ್ಣು. ಬೆಳಿಗ್ಗೆ ಎದ್ರೆ ಬೆರಳು ಬಿಡಿಸೋಕೆ ಬರಲ್ಲ, ಈ ಕೈಯಿಂದ ಆ ಕೈ ಬಿಡಿಸ್ಬೇಕು. ಮಗುಗೆ ಜ್ವರ ಬಂದಿದ್ದು ನಮಗೆ ಗೊತ್ತಾಗೋದು ಮಗು ಎದ್ದು ಆಡೋಕೆ ಶುರು ಮಾಡಿದ ಮೇಲೆ.

ಇನ್ನೊಂದು ವಿಷಯ. ಬೋಟಿನಲ್ಲಿ ಕಕ್ಕಸು ಇಲ್ಲ. ಹಿಂದುಗಡೆ ತುದೀಗೆ ಹೋಗಿ, ಒಂದು ಕೈಯಲ್ಲಿ ಹಗ್ಗ ಹಿಡ್ಕೊಂಡು, ನೀರಿನ ಮೇಲೆ ಬಾಗಿ ಕೆಲಸ ಮುಗಿಸ್ಬೇಕು. ಇದನ್ನ ಯಾವ ಗಂಡಸು ಮನೇಲಿ ಹೇಳ್ತಾನೆ?

ನನ್ನ ತಮ್ಮ ನಮ್ಮ ಬೋಟಿನಲ್ಲೇ ಇದ್ದ. ಹರಿದ ಬಲೆ ಹೊಲಿಯೋದ್ರಲ್ಲಿ ಅವನ ಕೈ ಕಾಣ್ತಿರಲಿಲ್ಲ, ಅಷ್ಟು ಚುರುಕು. ಅದಕ್ಕೇ ಅವನನ್ನ ಎಲ್ರೂ ಸೂಜಿ ಅಂತ ಕರೀತಿದ್ರು. ಹೆಂಡತಿ, ಐದು ವರ್ಷದ ಮಗಳು. ಒಂದು ದಿನ ನರ್ಸಕ್ಕ ಬೋಟು ನಿಲ್ಲೋ ಕಟ್ಟೆಗೆ ಬಂದು, ಬೋಟಿನ ಮೇಲೆ ಓಡಾಡುವಾಗ ತೇಲೋ ಜಾಕೆಟ್ ಹಾಕ್ಕೊಳ್ಳಿ ಅಂತ ಎಲ್ಲರಿಗೂ ಹೇಳಿದ್ರು. ನಾವು ತಲೆ ಆಡಿಸಿದ್ವಿ. ಸೂಜಿ ಒಬ್ಬನೇ ಕೇಳಿಸ್ಕೊಂಡಿದ್ದ.

ಜಾಕೆಟ್ಟು ನಮ್ಮಲ್ಲಿ ಇರಲಿಲ್ಲ ಅಂತಲ್ಲ. ಎಂಟು ಇತ್ತು, ಕಿತ್ತಳೆ ಬಣ್ಣದ್ದು. ಆದ್ರೆ ಬೋಟು ನಡೆಸೋ ಯಜಮಾನರು ಪ್ಲಾಸ್ಟಿಕ್ ಕವರ್ ಸಮೇತ ಪೆಟ್ಟಿಗೇಲಿ ಇಟ್ಟಿದ್ರು. ವರ್ಷಕ್ಕೊಂದು ಸಲ ತಪಾಸಣೆಯವರು ಬರ್ತಾರೆ, ಆಗ ಹೊಳೀತಾ ಇರಬೇಕು. ಕೊಳೆ ಆದ್ರೆ ಹೊಸದು ತಗೋಬೇಕಲ್ಲ ಅಂತ. ಒಂದೆರಡನ್ನ ನಾವು ಕವರ್ ಸಮೇತ ತಲೆದಿಂಬು ಮಾಡ್ಕೊಂಡಿದ್ವಿ.

ಆ ಸಲ ಸೂಜಿ ಒಂದರ ಕವರ್ ಬಿಚ್ಚಿ ಹಾಕ್ಕೊಂಡು ನಿಂತ. ನಾನು ಒಲೆ ಹತ್ರ ಇದ್ದೆ. ಸುಮ್ನೆ ಇರೋಕಾಗುತ್ತಾ?

"ಏನಪ್ಪಾ, ಎಷ್ಟು ತಿಂಗಳು?" ಅಂದೆ.

ಎಲ್ಲಾ ಬಿದ್ದು ಬಿದ್ದು ನಕ್ರು.

"ಸುಮ್ನಿರಣ್ಣ. ನರ್ಸಕ್ಕ ಹೇಳಿದಾರೆ."

"ನಿನಗೆ ಗೊತ್ತಿಲ್ಲ ಕಣೋ. ನನ್ನ ಕಾಲದಲ್ಲಿ ಒಬ್ಬ ಹಿಂಗೇ ಜಾಕೆಟ್ ಹಾಕ್ಕೊಂಡು ನೀರಿಗೆ ಬಿದ್ದ. ದೊಡ್ಡ ಮೀನೊಂದು ಅವನನ್ನ ನುಂಗಿಬಿಡ್ತು. ಜಾಕೆಟ್ ಹೊಟ್ಟೇಲಿ ಕೂತಿದೆ ಅಲ್ವಾ, ಪಾಪ ಮೀನಿಗೆ ಮುಳುಗೋಕೇ ಆಗ್ತಿಲ್ಲ. ಮೂರು ದಿನ ಅಂಗಾತ ತೇಲ್ತಾ, ಬಂದೋರಿಗೆಲ್ಲಾ ಕೈ ಮುಗೀತಿತ್ತು, ಇವನನ್ನ ತೆಗೆದು ಬಿಡ್ರಪ್ಪಾ ಅಂತ."

ಸೂಜಿಗೂ ನಗು ತಡೆಯೋಕಾಗಲಿಲ್ಲ. ನಗ್ತಾ ನಗ್ತಾನೇ ಬಿಚ್ಚಿದ. ಮಡಚಿ ತಲೆ ಕೆಳಗೆ ಇಟ್ಕೊಂಡ. ಅಷ್ಟೇ.

ಎರಡು ದಿನ ಆದ ಮೇಲೆ, ಮಧ್ಯಾಹ್ನ ನಾಲ್ಕು ಗಂಟೆ. ಬಿಸಿಲು ಚೆನ್ನಾಗಿತ್ತು. ಸಮುದ್ರ ಕನ್ನಡಿ ಹಂಗೆ ಮಲಗಿತ್ತು. ಬಲೆ ಮೇಲೆತ್ತಿ ಬೇರೆ ಜಾಗಕ್ಕೆ ಜೋರಾಗಿ ಹೋಗ್ತಾ ಇದ್ವಿ. ನಾನು ಟೀ ಇಟ್ಟಿದ್ದೆ. ಸೂಜಿ ನನ್ನ ಬೆನ್ನ ಹಿಂದೆ ಹಾದು ಹೋದ. ಹಿಂದುಗಡೆಗೆ ಹೋಗ್ತೀನಿ ಅಂತ ಅವನು ಹೇಳಲಿಲ್ಲ. ಹೇಳಿದ್ರೆ ನಾವು ಅದಕ್ಕೂ ಏನಾದ್ರೂ ಅಂದು ನಗ್ತಿದ್ವಿ.

ಟೀ ಬಸಿದೆ, ಎಂಟು ಲೋಟಕ್ಕೂ ಹಾಕಿದೆ. ಏಳು ಖಾಲಿ ಆಯ್ತು. ಒಂದು ಹಂಗೇ ಇತ್ತು.

"ಸೂಜಿ ಎಲ್ಲೋ?"

"ಮಲಗಿರ್ಬೇಕು."

ಹಲಗೆ ಮೇಲೆ ನೋಡಿದೆ. ಜಾಕೆಟ್ ಇತ್ತು, ತಲೆ ಇರಲಿಲ್ಲ. ಹಿಂದುಗಡೆಗೆ ಓಡಿದೆ. ಒಂದು ಚಪ್ಪಲಿ ಹಗ್ಗದ ಸುರುಳೀಲಿ ಸಿಕ್ಕೊಂಡಿತ್ತು.

ಅವನು ಕೂಗಿರ್ತಾನೆ. ಖಂಡಿತ ಕೂಗಿರ್ತಾನೆ. ಇಂಜಿನ್ ಸದ್ದಿಗೆ ನನಗೆ ನನ್ನ ಮಾತೇ ಕೇಳಲ್ಲ. ಬೋಟು ತಿರುಗಿಸಿದ್ವಿ. ಆದ್ರೆ ಎಲ್ಲಿ ಬಿದ್ದ, ಯಾವಾಗ ಬಿದ್ದ, ಯಾರಿಗೆ ಗೊತ್ತು? ಅಷ್ಟು ದೊಡ್ಡ ನೀರಲ್ಲಿ ಮನುಷ್ಯನ ತಲೆ ಅಂದ್ರೆ ಒಂದು ತೆಂಗಿನಕಾಯಿ. ವೈರ್‌ಲೆಸ್‌ನಲ್ಲಿ ಕರೆದ ಮೇಲೆ ಐದು ಬೋಟು ಬಂದ್ವು. ಎರಡು ದಿನ ಹುಡುಕಿದ್ವಿ. ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ.

ವಾಪಸ್ ಬರ್ತಾ ಯಜಮಾನರು, "ಮನೇಲಿ ಏನಂತ ಹೇಳೋದು?" ಅಂದ್ರು. ಉಚ್ಚೆ ಹೊಯ್ಯೋಕೆ ಹೋಗಿ ಬಿದ್ದ ಅಂತ ಅವನ ಹೆಂಡತಿ ಮುಂದೆ ಯಾರು ಹೇಳ್ತಾರೆ? ಕೊನೆಗೆ ಎಲ್ರೂ ನನ್ನ ಮುಖ ನೋಡಿದ್ರು. ಕಥೆ ಕಟ್ಟೋನು ನಾನೇ ತಾನೇ.

ಕಟ್ಟಿದೆ. ಬಿರುಗಾಳಿ ಬಂತು, ಮನೆಯಷ್ಟು ಎತ್ತರದ ಅಲೆ, ಬಲೆ ಕೈಬಿಟ್ರೆ ಎಲ್ಲರೂ ಹೋಗ್ತೀವಿ ಅಂತ ಸೂಜಿ ಒಬ್ಬನೇ ಹಿಡ್ಕೊಂಡಿದ್ದ, ಅಲೆ ಅವನನ್ನ ಎಳ್ಕೊಂಡು ಹೋಯ್ತು ಅಂತ. ತಮ್ಮನ ಹೆಂಡತಿ ಗೋಡೆಗೆ ಒರಗಿ ಕೇಳಿಸ್ಕೊಂಡ್ಳು. ಇಡೀ ಓಣಿ ಕೇಳಿಸ್ಕೊಳ್ತು. ಇಪ್ಪತ್ತೆರಡು ವರ್ಷದಲ್ಲಿ ನಾನು ಹೇಳಿದ ಕಥೇಲಿ ಎಲ್ಲರೂ ನಂಬಿದ್ದು ಅದೊಂದೇ.

ಆರು ತಿಂಗಳು ಕಳೀತು. ತಮ್ಮನ ಹೆಂಡತಿಯ ಅಣ್ಣ ಮುಂಚೆ ಲಾರಿ ಓಡಿಸ್ತಿದ್ದ, ಮಾತೂ ಹಾರನ್ ಥರಾನೇ, ಅದಕ್ಕೇ ಅವನ ಹೆಸರೇ ಲಾರಿ ಆಗಿಹೋಗಿತ್ತು. ಕೆಲಸ ಹೋಗಿತ್ತು. ತಂಗಿ ಮನೆ ನಡೀಬೇಕು ಅಂತ ನಮ್ಮ ಬೋಟಿಗೆ, ಸೂಜಿ ಜಾಗಕ್ಕೆ ಸೇರ್ಕೊಂಡ. ಹೊರಡೋ ಹಿಂದಿನ ದಿನ ಬೆಳಿಗ್ಗೆ ನಾನು ಐಸ್ ಕಾರ್ಖಾನೆ ಹತ್ರ ಇದ್ದೆ. ನರ್ಸಕ್ಕ ಬಂದ್ರು.

"ಅಣ್ಣ, ಒಂದು ಕೇಳ್ಲಾ? ಅವತ್ತು ಹುಡುಕೋಕೆ ಬಂದ ಬೋಟಿನವರು ಸಮುದ್ರ ಕನ್ನಡಿ ಥರ ಇತ್ತು ಅಂತಾರೆ. ನೀವು ಬಿರುಗಾಳಿ ಅಂತೀರ."

ನಾನು ಐಸ್ ಒಡೀತಾ ಇದ್ದೆ. ಒಡೀತಾನೇ ಇದ್ದೆ.

"ಹಿಂದುಗಡೆಗೆ ಹೋಗಿದ್ದಾ?"

ಹೂಂ ಅಂದೆ. ಬಾಯಿಂದ ಬರಲಿಲ್ಲ, ತಲೆಯಿಂದ ಬಂತು.

"ನಾಚಿಕೆ ಯಾಕಣ್ಣ? ಎಲ್ಲರೂ ಮಾಡೋದೇ ತಾನೇ? ನನ್ನ ಅಪ್ಪನೂ ಹಂಗೇ ಹೋಗಿದ್ದು. ನಮಗೂ ಬಿರುಗಾಳಿ ಅಂತಾನೇ ಹೇಳಿದ್ರು. ನಿಜ ಗೊತ್ತಾಗೋ ಹೊತ್ತಿಗೆ ನನಗೆ ಇಪ್ಪತ್ತು ವರ್ಷ. ನೀವು ಬಿರುಗಾಳಿ ಅಂದ್ರೆ, ಗಾಳಿ ಇಲ್ಲದ ದಿನ ಭಯ ಇಲ್ಲ ಅಂತ ಜನ ತಿಳ್ಕೊಳ್ತಾರೆ. ಲಾರಿಗೂ ಅದೇ ತಲೇಲಿ ಇರೋದು."

ಸಂಜೆ ತಮ್ಮನ ಮನೆಗೆ ಹೋದೆ. ನರ್ಸಕ್ಕನೂ ಬಂದ್ರು. ಲಾರಿ ಚೀಲಕ್ಕೆ ಬಟ್ಟೆ ತುಂಬ್ತಾ ಇದ್ದ. ತಮ್ಮನ ಹೆಂಡತಿ ಅವನ ಅಂಗಿಗೆ ಗುಂಡಿ ಹಾಕ್ತಿದ್ಳು.

"ಬನ್ನಿ ಭಾವ," ಅಂದ್ಳು. "ನೀವಿದೀರಲ್ಲ ಅಂತ ನನಗೆ ಧೈರ್ಯ. ಈಗ ಗಾಳಿ ಕಾಲಾನೂ ಅಲ್ಲ. ಅಲೆ ಇಲ್ದೆ ಇದ್ರೆ ಏನಾಗುತ್ತೆ ಅಲ್ವಾ?"

ನಾನು ಹೊಸ್ತಿಲಲ್ಲೇ ಕೂತ್ಕೊಂಡೆ.

"ಅವತ್ತೂ ಅಲೆ ಇರಲಿಲ್ಲ ಕಣಮ್ಮಾ," ಅಂದೆ.

ಎಲ್ಲಾ ಹೇಳಿದೆ. ಬಿಸಿಲು, ಟೀ, ಚಪ್ಪಲಿ. ಯಾಕೆ ಹಿಂದುಗಡೆಗೆ ಹೋಗಿದ್ದ ಅನ್ನೋದೂ ಹೇಳಿದೆ. ಅವಳು ಸೂಜಿ ದಾರ ಹಿಡ್ಕೊಂಡು ಹಂಗೇ ಕೂತಿದ್ಳು.

"ಆರು ತಿಂಗಳಿಂದ ಗಾಳಿ ಬೀಸಿದಾಗೆಲ್ಲಾ ಬಾಗಿಲು ಹಾಕ್ಕೊಂಡು ಅಳ್ತಿದ್ದೆ. ಬಿಸಿಲಿದ್ರೆ ಮಗೂನ ದಡಕ್ಕೆ ಕರ್ಕೊಂಡು ಹೋಗ್ತಿದ್ದೆ, ಇವತ್ತು ಸಮುದ್ರ ಒಳ್ಳೇದಾಗಿದೆ ನೋಡು ಅಂತ ತೋರಿಸ್ತಿದ್ದೆ." ಆಮೇಲೆ ಕೇಳಿದ್ಳು, "ನರ್ಸಕ್ಕ ಹೇಳಿದ ಜಾಕೆಟ್ ಹಾಕ್ಕೊಳ್ತೀನಿ ಅಂದಿದ್ರು. ಯಾಕೆ ಹಾಕ್ಕೊಳ್ಳಲಿಲ್ಲ?"

ಅದನ್ನ ಮಾತ್ರ ನುಂಗಿಬಿಡೋಣ ಅಂತ ಇದ್ದೆ.

"ಹಾಕ್ಕೊಂಡಿದ್ದ. ನಾನು ತಮಾಷೆ ಮಾಡಿದೆ. ಬಿಚ್ಚಿಟ್ಟ."

ಅವಳು ನನ್ನ ಕಡೆ ನೋಡಲಿಲ್ಲ. "ಭಾವ, ಇನ್ಮೇಲೆ ಈ ಮನೇಲಿ ಕಥೆ ಹೇಳ್ಬೇಡಿ," ಅಂದ್ಳು. ಜೋರಾಗಿ ಹೇಳಲಿಲ್ಲ. ಜೋರಾಗಿ ಬೈದಿದ್ರೆ ಚೆನ್ನಾಗಿರ್ತಿತ್ತು.

ಲಾರಿ ಚೀಲಕ್ಕೆ ಇನ್ನೊಂದು ಅಂಗಿ ತುರುಕಿದ. "ಆಗಿದ್ದು ಆಯ್ತು. ನನಗೇನಾಗಲ್ಲ ಬಿಡ್ರಿ, ನನಗೆ ಈಜು ಬರುತ್ತೆ."

"ಸೂಜಿಗೂ ಬರ್ತಿತ್ತು," ಅಂದ್ರು ನರ್ಸಕ್ಕ. "ಎಷ್ಟು ಹೊತ್ತು ಈಜ್ತೀರ?"

"ಅರ್ಧ ಗಂಟೆ ಈಜ್ತೀನಿ."

"ಬೋಟು ಅಷ್ಟರಲ್ಲಿ ಎಷ್ಟು ದೂರ ಹೋಗಿರುತ್ತೆ? ಬಟ್ಟೆ ನೆಂದು ಭಾರ ಆಗುತ್ತೆ, ಬೂಟಿಗೆ ನೀರು ತುಂಬುತ್ತೆ. ಜಾಕೆಟ್ ಇದ್ರೆ ಕೈ ಸೋತ್ರೂ ತಲೆ ಮೇಲಿರುತ್ತೆ. ಬಣ್ಣ ದೂರಕ್ಕೆ ಕಾಣುತ್ತೆ. ಭುಜದ ಹತ್ರ ಒಂದು ಪೀಪಿ ಕಟ್ಟಿರ್ತಾರೆ, ಊದಬಹುದು."

"ಇಪ್ಪತ್ತನಾಲ್ಕು ಗಂಟೆ ಅದನ್ನ ಹಾಕ್ಕೊಂಡು ಕೆಲಸ ಮಾಡೋಕಾಗುತ್ತಾ ಅಕ್ಕ? ಸೆಕೆ."

"ಸೆಕೆ ಆಗುತ್ತೆ, ಸುಳ್ಳು ಹೇಳಲ್ಲ. ಒಳಗೆ ಮಲಗುವಾಗ ಬಿಚ್ಚಿ. ಹೊರಗೆ ಕಾಲಿಟ್ರೆ ಹಾಕ್ಕೊಳ್ಳಿ. ಹಿಂದುಗಡೆಗೆ ಹೋಗೋ ಬದಲು ಬೋಟಿನ ಮಧ್ಯೆ ಒಂದು ಮರೆ ಕಟ್ಟಿ ಬಕೆಟ್ ಇಡಿ. ಹಿಂದುಗಡೆಗೆ ಹೋಗಲೇಬೇಕು ಅಂದ್ರೆ ಯಾರಿಗಾದ್ರೂ ಹೇಳಿ ಹೋಗಿ, ಸೊಂಟಕ್ಕೆ ಹಗ್ಗ ಕಟ್ಕೊಳ್ಳಿ. ಯಾರಾದ್ರೂ ಬಿದ್ರೆ ಮೊದಲು ಜೋರಾಗಿ ಕೂಗಿ, ತೇಲೋದು ಏನು ಸಿಕ್ಕಿದ್ರೂ ಎಸೀರಿ. ಒಬ್ಬ ಮಾತ್ರ ಬೇರೆ ಏನೂ ಮಾಡಬಾರದು. ಬಿದ್ದವನ ಕಡೆ ಕೈ ತೋರಿಸ್ಕೊಂಡು, ಕಣ್ಣು ತೆಗೀದೆ ನಿಂತಿರ್ಬೇಕು."

ಲಾರಿ ಚೀಲದ ಬಾಯಿ ಕಟ್ತಾ, "ಬಕೆಟ್ ಅಂತೆ," ಅಂದ. "ಬೋಟಿನವರು ನಗ್ತಾರೆ."

ತಮ್ಮನ ಹೆಂಡತಿ ಎದ್ದು ಒಳಗೆ ಹೋದ್ಳು.

ಮಾರನೇ ದಿನ ಹೊರಡೋ ಹೊತ್ತಿಗೆ ಅವಳು ಕಟ್ಟೆಗೆ ಬಂದ್ಳು. ಒಂದು ಕೈಯಲ್ಲಿ ಬಕೆಟ್ಟು, ಒಂದು ಕೈಯಲ್ಲಿ ಕತ್ತರಿ. ಯಾರನ್ನೂ ಕೇಳದೆ ಬೋಟು ಹತ್ತಿದ್ಳು. ಬಕೆಟ್ಟು ಮಧ್ಯದಲ್ಲಿ ಇಟ್ಟು, ಅದಕ್ಕೊಂದು ಹಗ್ಗ ಬಿಗಿದ್ಳು. ಪೆಟ್ಟಿಗೆ ತೆಗೆದು ಒಂದೊಂದೇ ಜಾಕೆಟ್ಟಿನ ಕವರ್ ಕತ್ತರಿಸೋಕೆ ಶುರು ಮಾಡಿದ್ಳು.

ಯಜಮಾನರು, "ಅಮ್ಮಾ, ತಪಾಸಣೆಗೆ ಬಂದಾಗ..." ಅಂದ್ರು.

"ತಪಾಸಣೆಯವರು ಕೊಳೆ ಯಾಕಾಯ್ತು ಅಂದ್ರೆ ನನ್ನ ಹತ್ರ ಕಳಿಸಿ," ಅಂದ್ಳು. "ಇಂಥದ್ದೇ ಹೊಸದೊಂದು ನಮ್ಮನೇಲೂ ಇದೆ. ನನ್ನ ಗಂಡನ ಸಾಮಾನಿನ ಜೊತೆ ನೀವೇ ಕೊಟ್ಟು ಹೋಗಿದ್ರಿ. ಒಂದು ಚೂರೂ ಕೊಳೆ ಇಲ್ಲ."

ಯಜಮಾನರು ತಲೆ ತಗ್ಗಿಸಿ, ಅದರ ಬದಲಿಗೆ ಪೆಟ್ಟಿಗೆಗೆ ತಂದಿಟ್ಟಿದ್ದ ಜಾಕೆಟ್ ತಗೊಂಡು ತಾವೇ ಮೊದಲು ಹಾಕ್ಕೊಂಡ್ರು. ಅವಳು ಲಾರಿ ಮುಂದೆ ನಿಂತು ಒಂದೊಂದೇ ಪಟ್ಟಿ ಎಳೆದು ಕಟ್ಟಿದ್ಳು. ಅವನು ಕೈ ಎತ್ತಿ ಕಟ್ಟಿಸ್ಕೊಂಡ. ಕೊನೇ ಜಾಕೆಟ್ ನನ್ನ ಕಾಲ ಹತ್ರ ಇಟ್ಟು ಇಳಿದು ಹೋದ್ಳು. ಕೈಗೆ ಕೊಡಲಿಲ್ಲ.

ಅದಾದ ಮೇಲೆ ಹದಿನಾಲ್ಕು ಸಲ ಹೋಗಿ ಬಂದಿದೀವಿ. ಒಲೆ ಮುಂದೆ ಜಾಕೆಟ್ ಹಾಕ್ಕೊಂಡು ನಿಂತ್ರೆ ನಾನೇ ಬೆಂದು ಹೋಗ್ತೀನಿ, ಆದ್ರೂ ಬಿಚ್ಚಲ್ಲ. ಬಕೆಟ್ ನೋಡಿ ಮೊದಲ ದಿನ ನಕ್ಕಿದ್ರು, ಮೂರನೇ ದಿನಕ್ಕೆ ಸಾಲು ನಿಂತ್ರು. ಹಿಂದುಗಡೆಗೆ ಹೋಗೋದಿದ್ರೆ ಲಾರಿ ಹಾರನ್ ಹೊಡೆದಂಗೆ ಕೂಗಿ ಹೇಳಿ ಹೋಗ್ತಾನೆ. ಯಾರೂ ನಗಲ್ಲ. ತಮ್ಮನ ಹೆಂಡತಿ ನನ್ನ ಜೊತೆ ಇವತ್ತಿಗೂ ಮಾತಾಡಲ್ಲ. ಅದು ಸರೀನೇ. ಜಾಕೆಟ್ಟಿನ ಕವರ್ ಕತ್ತರಿಸೋಕೆ ಪಕ್ಕದ ಬೋಟುಗಳಿಗೂ ಕತ್ತರಿ ಹಿಡ್ಕೊಂಡು ಹೋಗ್ತಾಳೆ ಅಂತ ನರ್ಸಕ್ಕ ಹೇಳಿದ್ರು.

ಇದನ್ನ ಓದ್ತಾ ಇರೋ ಅಕ್ಕಂದಿರೇ, ಅಮ್ಮಂದಿರೇ, ನಿಮ್ಮ ಮನೆಯವರು ಸಮುದ್ರಕ್ಕೆ ಹೋಗೋರಾದ್ರೆ ಇವತ್ತೇ ಒಂದು ಮಾತು ಕೇಳಿ: ನಿಮ್ಮ ಬೋಟಿನಲ್ಲಿ ಜಾಕೆಟ್ ಎಲ್ಲಿದೆ, ಮೈ ಮೇಲಾ, ಪೆಟ್ಟಿಗೇಲಾ? ಹಿಂದುಗಡೆಗೆ ಹೋಗೋವಾಗ ಯಾರಿಗೆ ಹೇಳಿ ಹೋಗ್ತೀರ? ಅವರು ತಮಾಷೆ ಮಾಡಿ ಮಾತು ಮರೆಸೋಕೆ ನೋಡ್ತಾರೆ. ನಮಗೆಲ್ಲಾ ಅದು ಚೆನ್ನಾಗಿ ಬರುತ್ತೆ. ನೀವು ನಗಬೇಡಿ, ಇನ್ನೊಂದು ಸಲ ಕೇಳಿ.

ಅಣ್ಣ ತಮ್ಮಂದಿರೇ, ನಿಮ್ಮ ಬೋಟಿನಲ್ಲಿ ಒಬ್ಬ ಜಾಕೆಟ್ ಹಾಕ್ಕೊಂಡು ನಿಂತಿದ್ರೆ ಸುಮ್ನೆ ನೀವೂ ಒಂದು ಹಾಕ್ಕೊಂಡು ಅವನ ಪಕ್ಕ ನಿಂತ್ಕೊಳ್ಳಿ. ಏನೂ ಹೇಳ್ಬೇಡಿ. ನಾನು ಅವತ್ತು ಮಾಡಬೇಕಾಗಿದ್ದು ಅಷ್ಟೇ.