ಸಿಡ್ನಿಯ ಟ್ರಕ್ಕಿಗೆ ರೇಡಿಯೊ

ಕೈ ಬಿಟ್ಟದ್ದೇ ತಡ, ಆಂಟೆನಾ ಟ್ರಕ್ಕಿನ ಪೆಟ್ಟಿಗೆಯ ಮೇಲಿಂದ ಜಾರಿ ಅಂಗಳಕ್ಕೆ ಬಿತ್ತು. ಸಿಡ್ನಿ ಅದನ್ನೆತ್ತಿಕೊಂಡು ಮತ್ತೆ ಏಣಿ ಹತ್ತಿದ. ಬುಡದ ಅಯಸ್ಕಾಂತವನ್ನು ಅಂಗೈಯಿಂದ ಒರೆಸಿ, ಒತ್ತಿ ಇಟ್ಟ. ಅದು ಮತ್ತೆ ಜಾರಿತು.

"ಎಂತ ಪೊರ್ಬುಗಳೇ," ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ ಕರೆದು, ರೇಡಿಯೊ ಅಂಗಡಿಯ ಜಯಪಾಲ ಸೊಂಟಕ್ಕೆ ಕೈಕೊಟ್ಟು ನಕ್ಕ. "ಅಸ್ಕರಿನ ಫ್ಯಾಕ್ಟರಿಯಲ್ಲಿ ಹದಿನೆಂಟು ವರ್ಷ ಅಲ್ಯುಮಿನಿಯಂ ಹೊತ್ತವರು ನೀವು. ಈ ಪೆಟ್ಟಿಗೆಯೂ ಅದರದ್ದೇ. ಮ್ಯಾಗ್ನೆಟ್ ಅದಕ್ಕೆ ಹಿಡಿಯುದಿಲ್ಲ ಅಂತ ನಾನು ಹೇಳ್ಬೇಕಾ? ಬಾಯಮ್ಮ, ನೀವಾದ್ರೂ ಬುದ್ಧಿ ಹೇಳಿ ಮಾರಾಯ್ರೆ!"

ಸಿಡ್ನಿಯ ಹೆಂಡತಿ ವಾಯೊಲೆಟ್ ನಕ್ಕಳು. ಅವಳು ನಕ್ಕದ್ದನ್ನು ನೋಡಿ ಸಿಡ್ನಿಯೂ ನಕ್ಕ.

ಇಗರ್ಜಿಯಲ್ಲಿ ಬೆಳಗಿನ ಪೂಜೆ ಮುಗಿಸಿ ಗಂಡ ಹೆಂಡತಿ ಗುಫೂಲ್‌ನ ತಮ್ಮ ಫ್ಲಾಟಿಗೂ ಹೋಗದೆ ನೇರ ಟುಬ್ಲಿಯ ಈ ಅಂಗಡಿಗೆ ಬಂದಿದ್ದರು. ಅರಬರ ನಾಡಿನ ಶುಕ್ರವಾರದ ರಜೆಯಾದರೂ ಊರಿನವರೆಂದು ಜಯಪಾಲ ಶಟರನ್ನು ಅರ್ಧ ಎತ್ತಿದ್ದ. ಎರಡು ತಿಂಗಳಿಂದ ಖಾಲಿ ನಿಂತ ಟ್ರಕ್ಕಿಗೆ ಒಂದು ಯಾರ್ಡಿನಲ್ಲಿ ಕೆಲಸ ಕೊಡಿಸಿದವನೂ ಅವನೇ. ಆ ಯಾರ್ಡಿನೊಳಗೆ ಮೊಬೈಲ್ ಒಯ್ಯುವ ಹಾಗಿಲ್ಲ. ಕ್ಯಾಬಿನ್ನಿನಲ್ಲಿ ಮೈಕು ಹಿಡಿದು ಮಾತಾಡುವ ಸಿಬಿ ರೇಡಿಯೊ ಇರಲೇಬೇಕು. ಟ್ರಕ್ಕಿನ ಹಿಂದೆ ನಿಂತವನು ರೇಡಿಯೊದಲ್ಲಿ ಬಾ ಎಂದರೆ ಹಿಂದಕ್ಕೆ ಬರಬೇಕು, ನಿಲ್ಲು ಎಂದರೆ ನಿಲ್ಲಬೇಕು. ಭಾನುವಾರದಿಂದ ಶುರು. ಇದೂ ತಪ್ಪಿದರೆ ವೀಸಾ ಕೊಟ್ಟ ಧಣಿ, ಅರ್ಬಾಬ್, ಅದನ್ನು ಮುಂದುವರಿಸುವುದಿಲ್ಲ, ಪೆಟ್ಟಿಗೆ ಕಟ್ಟಬೇಕಾದೀತು ಎಂಬುದು ಇಬ್ಬರಿಗೂ ಗೊತ್ತಿತ್ತು.

"ನೀನೂ ಬಾ, ಆರಿಸ್ಲಿಕ್ಕೆ," ಎಂದು ನಿನ್ನೆ ಸಿಡ್ನಿಯೇ ಕರೆದಿದ್ದ. ಮದುವೆಯಾಗಿ ಇಪ್ಪತ್ತಮೂರು ವರ್ಷಗಳಲ್ಲಿ ಅವನು ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. ಫ್ಲಾಟಿನ ಸೋಫಾ, ಮಗಳು ನತಾಶಾಳ ಕಾಲೇಜು, ಎಲ್ಲವನ್ನೂ ಅವನೇ ಗೊತ್ತುಮಾಡಿ ಬಂದು ಹೇಳುತ್ತಿದ್ದ. ಅದಕ್ಕೇ ವಾಯೊಲೆಟ್ ಇವತ್ತು ಕ್ರಿಸ್ಮಸ್ಸಿಗೆ ಹೊಲಿಸಿದ ಚೂಡಿದಾರ್ ಹಾಕಿಕೊಂಡಿದ್ದಳು. ಅದರ ಅಂಚಿಗೆ ಗ್ರೀಸ್ ತಾಗಿದರೂ ಬೇಸರವಾಗಿರಲಿಲ್ಲ.

ಜಯಪಾಲ ಕ್ಲಾಂಪು ಹಾಕಿ ಕೂರಿಸುವ ಎರಡು ಆಂಟೆನಾಗಳನ್ನು ತಂದ. "ಉದ್ದದ್ದು ದೂರ ಮುಟ್ತದೆ. ಆದ್ರೆ ಗೇಟಿನ ಕಂಬಿಗೆ ಬಡೀತದೆ."

"ಯಾರ್ಡಿನೊಳಗೆ ಮಾತಾಡ್ಲಿಕ್ಕೆ ದೂರ ಎಂತಕ್ಕೆ?" ಎಂದಳು ವಾಯೊಲೆಟ್. "ಗಿಡ್ಡದ್ದೇ ಸಾಕು. ಆ ಸೈಡ್ ಕನ್ನಡಿಯ ಕಂಬಿಗೆ ಹಾಕಿ."

"ಅಂಗಡಿ ನಿಮಗೇ ಬಿಟ್ಟು ನಾನು ಊರಿಗೆ ಹೋಗ್ತೇನೆ ಬಾಯಮ್ಮ!"

ಅವಳ ಮುಖ ಬಿಸಿಯಾಯಿತು. ಸಿಡ್ನಿಯ ಕಡೆ ನೋಡಿದಳು. ಅವನು ಸುಮ್ಮನೆ ತಲೆಯಾಡಿಸಿದ.

ಜಯಪಾಲ ಮೀಟರು ಹಚ್ಚಿ, ಆಂಟೆನಾದ ಕಡ್ಡಿಯನ್ನು ಕೂದಲೆಳೆಯಷ್ಟು ಏರಿಸಿ ಇಳಿಸಿ ಸರಿಮಾಡಿದ. ಗಂಡ ಹೆಂಡತಿಯನ್ನು ಕ್ಯಾಬಿನ್ನಿನಲ್ಲಿ ಕೂರಿಸಿ, ತಾನು ಕೈಯಲ್ಲಿ ಹಿಡಿಯುವ ಸೆಟ್ಟಿನೊಂದಿಗೆ ಗ್ಯಾರೇಜುಗಳ ಸಾಲಿನ ಹಿಂದೆ ಮರೆಯಾದ.

"ಪೊರ್ಬುಗಳೇ, ಎಷ್ಟು ಬೆರಳು ತೋರಿಸ್ತಾ ಇದ್ದೇನೆ? ಕಾಣುದಿಲ್ಲ ಅಲ್ವಾ? ಮೂರು. ಎಷ್ಟು ಅಂತ ಹೇಳಿ ನೋಡುವ."

ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿತ್ತು. ಸಿಡ್ನಿ ಗುಬುಟು ತಿರುಗಿಸಿ ಸದ್ದು ಪೂರ್ತಿ ಏರಿಸಿದ. ವಾಯೊಲೆಟ್ ಕಿವಿ ಮುಚ್ಚಿಕೊಳ್ಳುವಂತಾಯಿತು.

"ಬರೀ ಗರಗರ," ಎಂದ ಅವನು. "ಈ ಸೆಟ್ಟು ಸರಿ ಇಲ್ಲ."

ಜಯಪಾಲ ತಿರುಗಿ ಬಂದು, ಮುಂಭಾಗದಲ್ಲೇ ಸ್ಪೀಕರ್ ಇರುವ ಇನ್ನೊಂದು ಸೆಟ್ಟು ಕೂರಿಸಿದ. ಕೇಬಲ್ಲಿನದೇ ತೊಂದರೆಯೋ ಏನೋ ಎಂದು ಅದನ್ನೂ ಬದಲಿಸಿ, ತಲೆ ಕೆರೆದುಕೊಳ್ಳುತ್ತ ಮತ್ತೆ ಹೋದ.

"ಈಗ ನಾಲ್ಕು. ಎಷ್ಟು ಹೇಳಿ?"

ಸಿಡ್ನಿಯ ಕಣ್ಣು ರೇಡಿಯೊದ ಮೇಲಿರಲಿಲ್ಲ. ವಾಯೊಲೆಟ್‌ಳ ತುಟಿಯ ಮೇಲಿತ್ತು.

ಆ ನೋಟ ಅವಳಿಗೆ ಹೊಸದಲ್ಲ. ಸಂಜೆ ಜಪಸರ ಹಿಡಿದು ತೇರ್ಸದ ಪ್ರಾರ್ಥನೆ ಹೇಳುವಾಗ ಮೊದಲರ್ಧ ಅವಳದು, ಉಳಿದರ್ಧ ಅವನದು. ವರ್ಷದಿಂದೀಚೆಗೆ ಅವಳು ಮುಗಿಸುವ ಮೊದಲೇ ಅವನು ಶುರುಮಾಡುತ್ತಿದ್ದ. ಊಟದ ಅವಸರ ಎಂದು ಅವಳು ಗೊಣಗಿದ್ದಳು. ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದವನು ಈಗೀಗ ತನ್ನ ತುಟಿಯನ್ನೇ ನೋಡುತ್ತಾನಲ್ಲ ಎಂದು, ಈ ವಯಸ್ಸಿನಲ್ಲಿ, ಒಳಗೊಳಗೇ ನಾಚಿಯೂ ಇದ್ದಳು. ಇಪ್ಪತ್ತು ವರ್ಷ ಕ್ಲಿನಿಕ್ಕಿನಲ್ಲಿ ಊರವರ ರೋಗ ಕಂಡುಹಿಡಿದ ನರ್ಸಮ್ಮ ತಾನು, ಇದು ಕಾಣಲಿಲ್ಲ!

ಅವನು ಅವಳ ಮೊಣಕಾಲ ಮೇಲೆ ಕೈಯಿಟ್ಟ. "ಅವ ಎಂತ ಹೇಳಿದ?"

ಆರಿಸಲಿಕ್ಕೆಂದು ಕರೆದದ್ದಲ್ಲ. ಎರಡು ಕಿವಿ ಬೇಕಾಗಿದ್ದವು, ಕರೆತಂದಿದ್ದ.

"ಯಾವಾಗಿಂದ?" ತುಟಿ ಕಾಣುವಂತೆ ಕೇಳಿದಳು.

"ಎಡದ್ದು ಹೋಗಿ ತುಂಬಾ ಸಮಯ ಆಯ್ತು. ಬಲದ್ದೂ ಈಗ..." ಅವನು ಕೈ ತೆಗೆಯಲಿಲ್ಲ. "ಇವತ್ತೊಂದಿನ ಹೇಳಿಕೊಡು ವಾಯ್ಲೆಟ್. ಅಲ್ಲಿ ನಾನು ಕನ್ನಡಿ ನೋಡಿ ಸುಧಾರಿಸ್ತೇನೆ."

"ಕನ್ನಡಿಯಲ್ಲಿ ಕಾಣದ ಹಾಗೆ ಒಬ್ಬ ಹಿಂದೆ ನಿಂತಿದ್ರೆ?"

ಸಿಡ್ನಿ ಮುಂಗಾಜಿನ ಆಚೆ ನೋಡಿದ. ಅಲ್ಲಿ ಬಿಳಿಚಿದ ಆಕಾಶ, ಮುಚ್ಚಿದ ಶಟರುಗಳು.

"ಪೊರ್ಬುಗಳೇ, ನಿದ್ದೆ ಬಂತಾ?" ರೇಡಿಯೊ ಕೇಳಿತು.

ನಾಲ್ಕು ಎಂಬ ಒಂದು ಮಾತು. ಅಷ್ಟು ಹೇಳಿದರೆ ಮನೆ, ವೀಸಾ, ನತಾಶಾಳ ಕೊನೆಯ ವರ್ಷ, ಎಲ್ಲ ಉಳಿಯುತ್ತದೆ. ವಾಯೊಲೆಟ್ ಮೈಕು ತೆಗೆದುಕೊಂಡಳು. ಗಂಡನ ಕಡೆಗೆ ಪೂರ್ತಿ ತಿರುಗಿ ಕೂತು ಗುಂಡಿ ಒತ್ತಿದಳು. ಅವನಿಗೆ ಗೊತ್ತಾಗದಂತೆ ಹೇಳಲು ಮನಸ್ಸು ಬರಲಿಲ್ಲ.

"ಜಯಪಾಲಣ್ಣ, ರೇಡಿಯೊ ಸರಿ ಉಂಟು. ಆಂಟೆನಾವೂ ಸರಿ ಉಂಟು. ಸಿಡ್ನಿಗೆ ಕಿವಿ ಕೇಳುದಿಲ್ಲ. ಭಾನುವಾರ ಇವರನ್ನು ಕೆಲಸಕ್ಕೆ ಕರೀಬೇಡಿ."

ಮೊಣಕಾಲ ಮೇಲಿನ ಕೈ ಮೆಲ್ಲಗೆ ಹಿಂದೆ ಹೋಯಿತು.

ಜಯಪಾಲನ ಬದಲಿಗೆ ರೇಡಿಯೊದಲ್ಲಿ ಯಾವುದೋ ಅಪರಿಚಿತ ಗಂಟಲು, "ಕೌನ್ ಔರತ್ ಹೈ ಭಾಯಿ?" ಎಂದು ಹಿಂದಿಯಲ್ಲಿ ಈ ಹೆಂಗಸು ಯಾರೆಂದು ಕೇಳಿತು. ಇನ್ನೊಂದು ನಕ್ಕಿತು. ಆಮೇಲೆ ಊರಿನದೇ ದನಿ: "ಅದು ನಮ್ಮ ಸಿಡ್ನಿಯ ಹೆಂಡತಿ ಅಲ್ವಾ? ಪಾಪ, ಕಿವಿ ಹೋಯ್ತಾ ಅವನಿಗೆ?"

ವಾಯೊಲೆಟ್ ಮೈಕನ್ನು ಕೆಳಗಿಟ್ಟಳು. ಫೋನಿನ ಹಾಗೆ, ಒಬ್ಬನಿಗೆ ಮಾತ್ರ ಎಂದುಕೊಂಡಿದ್ದಳು. ದಾರಿಯ ಮೇಲಿರುವ ಟ್ರಕ್ಕುಗಳೆಲ್ಲ ಕೇಳುತ್ತವೆಂದು ಯಾರೂ ಹೇಳಿರಲಿಲ್ಲ. ಸಾಲಿನ ಹಿಂದಿನಿಂದ ಜಯಪಾಲ ಬರುತ್ತಿದ್ದ, ಸೆಟ್ಟನ್ನು ಕೆಳಗೆ ಇಳಿಬಿಟ್ಟುಕೊಂಡು, ನಿಧಾನವಾಗಿ.

ದನಿಗಳು ಬರುತ್ತಲೇ ಇದ್ದವು. ಒಂದೊಂದು ದನಿಗೂ ರೇಡಿಯೊದ ಮುಖದ ಮೇಲೆ ಹಸಿರು ದೀಪಗಳ ಸಣ್ಣ ಸಾಲು ಏರುತ್ತಿತ್ತು, ಇಳಿಯುತ್ತಿತ್ತು. ಸಿಡ್ನಿ ಕತ್ತು ಚಾಚಿ ಅದನ್ನೇ ನೋಡುತ್ತ ಕೂತಿದ್ದ.