ಬಿಸಿಲಿಗಿಟ್ಟ ರೇಡಿಯೊ

ನಾನೊಂದು ಅಂಗೈಯಗಲದ ರೇಡಿಯೊ. ಕಾರ್ಖಾನೆಯಲ್ಲಿ ಹುಟ್ಟಿದ ದಿನವೇ ಮಾತು ಕಲಿತೆ, ಆದರೆ ಎಲ್ಲವೂ ಪರರ ಮಾತು. ಗುಳೇದಗುಡ್ಡದ ನೇಕಾರ ಮಲ್ಲೇಶಪ್ಪ ನನ್ನನ್ನು ತಂದು ಮಗ್ಗದ ಪಕ್ಕದ ಗೂಡಿನಲ್ಲಿಟ್ಟ. ಆಗ ನನ್ನ ಗತ್ತೇ ಬೇರೆ. ನಾನು ಸಮಾಚಾರ ಹೇಳಿದರೆ ಓಣಿಯೇ ಕೇಳುತ್ತಿತ್ತು.

ಅವನು ತೀರಿದ ಮೇಲೆ ಹೆಂಡತಿ ಗುರವ್ವನ ಪಾಲಾದೆ. ಅವಳು ಕುಪ್ಪಸದ ಖಣ ನೇಯುತ್ತ ನನ್ನನ್ನು ಕೇಳುತ್ತಿದ್ದಳು. ಸೆಲ್ಲು ಸೋತರೆ ಎಸೆಯುವ ಜಾಯಮಾನ ಅವಳದಲ್ಲ. ಬಿಸಿಲಿಗಿಟ್ಟು ಜೀವ ಬರಿಸುತ್ತಿದ್ದಳು. ಮೊಮ್ಮಗಳು ಪಾರ್ವತಿಗೆ ಮಾತ್ರ ನಾನೆಂದರೆ ತಾತ್ಸಾರ.

"ಆಯಿ, ಆ ಗೊರಗೊರ ಬಂದ್ ಮಾಡ. ಈಗ ಯಾರರ ರೇಡಿಯೊ ಕೇಳ್ತಾರೇನು?"

ಹಿತ್ತಲ ಗಿಡ ಮದ್ದಲ್ಲ, ಏನು ಮಾಡಲಿ.

ಪಾರ್ವತಿಯ ತಾಯಿ ಶಾಂತವ್ವ ಮದುವೆಗೆ ಮೊದಲು ರೇಡಿಯೊದಲ್ಲಿ ಬೀಸುವ ಪದ ಹಾಡಿದ್ದಳು. ಮಗು ತೊಟ್ಟಿಲಲ್ಲಿದ್ದಾಗಲೇ ತೀರಿಹೋದಳು. ಮಗಳಿಗೆ ತಾಯಿಯ ದನಿಯೇ ಗೊತ್ತಿಲ್ಲ. ಒಂದು ದಿನ, ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶಾಂತವ್ವನ ಹಳೆಯ ಹಾಡು ಬರುತ್ತದೆಂದು ನಾನೇ ಸಾರಿದೆ. ಗುರವ್ವ ಲಾಳಿ ಬಿಟ್ಟು ಅತ್ತಳು.

"ಪಾರ್ವತಿಗೆ ಈಗ ಹೇಳಿದ್ರ ನಗತಾಳ. ಒಮ್ಮೆಲೆ ಕೇಳಸ್ತೀನಿ," ಎಂದುಕೊಂಡು, ಎಂದೂ ಇಲ್ಲದೆ ಹೊಸ ಸೆಲ್ಲು ತಂದು ಹಾಕಿದಳು.

ಶನಿವಾರ ಪಾರ್ವತಿ ಬಂದು ನನ್ನ ಬೆನ್ನ ಮುಚ್ಚಳ ತೆರೆದಳು. ಕೊನೆಗೂ ಈ ಹುಡುಗಿಯ ಕೈ ತಾಗಿತಲ್ಲ ಎಂದು ಹಿಗ್ಗಿದೆ. ಅವಳು ಹೊಸ ಸೆಲ್ಲುಗಳನ್ನು ಟಿವಿ ರಿಮೋಟಿಗೆ ಹಾಕಿ, ಅದರ ಸತ್ತ ಸೆಲ್ಲುಗಳನ್ನು ನನಗೆ ತುಂಬಿದಳು. ಆ ಹಿಗ್ಗು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಭಾನುವಾರ ಹತ್ತಕ್ಕೆ ಗುರವ್ವ ನನ್ನ ಕಿವಿ ತಿರುವಿದಳು. ನಾನು ಮೂಕ. ಸೆಲ್ಲು ಹೊಸವು, ನನಗೇ ಥಂಡಿ ಹಿಡಿದಿರಬೇಕೆಂದು ನನ್ನನ್ನೇ ಒಯ್ದು ಬಿಸಿಲಿಗಿಟ್ಟು ಕಾದು ಕುಳಿತಳು. ಸೆಲ್ಲು ನೋಡಬೇಕೆಂದು ಹೊಳೆಯಲೇ ಇಲ್ಲ.

ಅಷ್ಟರಲ್ಲಿ ಪಾರ್ವತಿ ಹೊರಬಂದಳು. "ಅದರ ಸೆಲ್ಲ ನಾ ತಗೊಂಡೀನಿ ಆಯಿ. ಯಾಕ?"

"ನಿಮ್ಮವ್ವ ಹಾಡ್ತಿದ್ಳವಾ ಅದರಾಗ."

ಹುಡುಗಿ ಬಿದ್ದೆನೋ ಎದ್ದೆನೋ ಎಂದು ಓಡಿ ರಿಮೋಟು ತಂದಳು. ಸೆಲ್ಲು ಬದಲಿಸಿದಳು. ನಾನು ಬಾಯಿಬಿಟ್ಟೆ. ಬಂದದ್ದು ಈರುಳ್ಳಿಯ ಧಾರಣೆ.

"ನಂದ ತಪ್ಪವಾ, ಮೊದಲ ಹೇಳಬೇಕಿತ್ತು," ಎಂದಳು ಗುರವ್ವ.

ಈಗ ನಾನು ಮುದುಕ, ಮುಚ್ಚಳಕ್ಕೆ ನೂಲು ಸುತ್ತಿದ್ದಾರೆ. ಆ ಹಾಡು ಮತ್ತೆ ಹಾಕಿರೆಂದು ಪಾರ್ವತಿ ಬಾನುಲಿ ಕೇಂದ್ರಕ್ಕೆ ಕಾರ್ಡು ಬರೆದಿದ್ದಾಳೆ. ಪ್ರತಿ ಭಾನುವಾರ ಹತ್ತಕ್ಕೆ ಮೊಬೈಲು ಬದಿಗಿಟ್ಟು ನನ್ನ ಮುಂದೆ ಕೂರುತ್ತಾಳೆ. ಒಂದು ಎಳೆಯ ಕಿವಿ ಬೇಕೆಂದು ಎಷ್ಟು ವರ್ಷ ಹಂಬಲಿಸಿದ್ದೆ! ಇದೋ, ಬಂದು ಕೂತಿದೆ. ಅದಕ್ಕೆ ಬೇಕಾದ ಒಂದೇ ಒಂದು ಹಾಡು ನನ್ನ ಬಳಿ ಇಲ್ಲ.